ನಾನು ಇಳಿಸಿದ ವಿಮಾನ

ಎಂಬತ್ತು ದಾಟಿದ ಮುದುಕನಿಗೆ ಸಿಟ್ಟು ಬರಬಾರದಂತೆ. ಡಾಕ್ಟರು ಹೇಳಿದ್ದಾರೆ, ಮಗಳು ಹೇಳಿದ್ದಾಳೆ. ಆದರೂ ಮೊನ್ನೆ ಬಂತು. ಅದೂ ಎಲ್ಲಿ? ಜನ ನಗಲಿ ಎಂದೇ ಕಟ್ಟಿಸಿದ ಜಾಗದಲ್ಲಿ. ಒಂದು ದೊಡ್ಡ ಮನರಂಜನೆಯ ಉದ್ಯಾನದ ನಟ್ಟನಡುವೆ, ಕಾರಂಜಿಯ ಪಕ್ಕದಲ್ಲಿ, ನಿವೃತ್ತ ಬ್ಯಾಂಕ್ ಮ್ಯಾನೇಜರರಾದ ನನ್ನ ಅಳಿಯಂದಿರ ಮೇಲೆ ನಾನು ಕೊಡೆ ಎತ್ತಿದೆ. ಹೊಡೆಯಲಿಲ್ಲ, ಎತ್ತಿದೆ ಅಷ್ಟೆ. ನಾಲ್ಕು ದಿನವಾಯಿತು, ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಊಟಕ್ಕೆ ಕೂತಾಗ ಚಟ್ನಿಯನ್ನು ನನ್ನ ಕಡೆ ಸರಿಸುತ್ತಾರೆ, ಮುಖವನ್ನು ಗೋಡೆಯ ಕಡೆ ಸರಿಸುತ್ತಾರೆ.

ನಡೆದದ್ದು ಇಷ್ಟು. ಅವರ ನಿವೃತ್ತರ ಬಳಗ ಒಂದು ಪ್ರವಾಸ ಹೊರಡಿಸಿತ್ತು. ಬಸ್ಸಿನ ತುಂಬ ಅರವತ್ತರ ಆಚೀಚಿನವರು. ಅವರ ನಡುವೆ ನಾನೊಬ್ಬ ಹಳೆಯ ಉಪ್ಪಿನಕಾಯಿ. ಜೊತೆಗೆ ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ. ಇವತ್ತೊಂದು ದಿನ ಯಾರ ಮೂಗನ್ನೂ ಒರೆಸದೆ, ಯಾರನ್ನೂ ಗದರಿಸದೆ, ತಾವೇ ಮಕ್ಕಳಾಗಿ ಆಡುತ್ತಾರೆ ಎಂದುಕೊಂಡಿದ್ದೆ. ಬಾಗಿಲು ದಾಟಿದ್ದೇ ತಡ, ಈ ಹಿರಿಯರು ಏನು ಮಾಡಿದರು ಗೊತ್ತೇ? ನೆರಳು ಹುಡುಕಿದರು. ಬೆಂಚು ಹುಡುಕಿದರು. ಕುಳಿತು ಮೊಣಕಾಲಿಗೆ ಯಾವ ಎಣ್ಣೆ ಒಳ್ಳೆಯದು ಎಂಬ ಚರ್ಚೆ ತೆಗೆದರು. ಎದುರಿಗೆ ಬಣ್ಣದ ಕುದುರೆಗಳು ಕತ್ತೆತ್ತಿ ಕಾಯುತ್ತಿವೆ. ಪಕ್ಕದ ಗುಹೆಯಲ್ಲಿ ಒಂದು ಪ್ರೇತ ಗಂಟಲು ಹರಿದುಕೊಳ್ಳುತ್ತಿದೆ. ಒಬ್ಬರೂ ಹೆದರಲಿಲ್ಲ! 'ಸೌಂಡ್ ಭಾಳ ಇಟ್ಟಾರ' ಎಂದರು ಅಷ್ಟೆ. ನನಗೆ ಆ ಪ್ರೇತದ ಮೇಲೆ ಮರುಕ ಬಂತು. ಹೊಟ್ಟೆಪಾಡಿಗೆ ಅರಚುವ ಪ್ರೇತಕ್ಕೂ ಒಂದು ಮರ್ಯಾದೆ ಇರುತ್ತದೆ.

ಅಷ್ಟರಲ್ಲಿ ಆಳೆತ್ತರದ ಬಟ್ಟೆಯ ಕರಡಿಯೊಂದು ಕುಣಿಯುತ್ತ ಬಂತು. ಐವತ್ತಮೂರು ವರ್ಷದ ನನ್ನ ಮಗಳು ಗಿರಿಜಾ ಬೆಂಚಿನಿಂದ ಎದ್ದು ಓಡಿದಳು. ಕೈ ಚಾಚಿ, "ಕರಡಿಯಾರ, ಹೆಂಗದೀರಿ? ಅಡವಿ ಬಿಟ್ಟು ಯಾವಾಗ ಬಂದ್ರಿ? ಮನ್ಯಾಗ ಎಲ್ಲಾರೂ ಆರಾಮೇನ್ರಿ?" ಎಂದು ಕೇಳಿದಳು. ಕರಡಿಯೂ ಸಂತೋಷದಿಂದ ಪಂಜ ಮುಂದೆ ಮಾಡಿತು. ಆಗ ಅಳಿಯಂದಿರು ಕೂತಲ್ಲಿಂದಲೇ ಕೂಗಿದರು: "ಏ ಹುಚ್ಚಿ, ಅದರಾಗ ಯಾವನೋ ಮನಷ್ಯಾ ಅದಾನ. ಹತ್ರ ಹೋಗಬ್ಯಾಡ, ಬೆವರ ನಾರತೈತಿ. ವಯಸ್ಸೆಷ್ಟಾತು ನಿನಗ? ಮಂದಿ ನೋಡಾಕತ್ತಾರ!"

ಗಿರಿಜೆಯ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಬಂದು ಸೆರಗಿನೊಳಗೆ ಸೇರಿಕೊಂಡಿತು. ಕೊಡೆ ನನ್ನ ಕೈಯಲ್ಲಿ ಯಾವಾಗ ಎದ್ದಿತೋ ನನಗೇ ತಿಳಿಯದು.

ಇವರ ಪ್ರಕಾರ ದೊಡ್ಡವರು ಸುಳ್ಳಿಗೆ ಮರುಳಾಗಬಾರದು. ಯಾರು ಹೇಳಿದರು? ಬೆಳಗಾದರೆ ಬೆರಳುದ್ದದ ಹಿತ್ತಾಳೆಯ ದೇವರಿಗೆ ನೀರು ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಿ ಸ್ನಾನ ಮಾಡಿಸುತ್ತೇವೆ. ನೈವೇದ್ಯ ಇಟ್ಟು, ಆತ ಸಂಕೋಚವಿಲ್ಲದೆ ಉಣ್ಣಲಿ ಎಂದು ಕಣ್ಣು ಮುಚ್ಚುತ್ತೇವೆ. ಬಯಲಾಟದಲ್ಲಿ ನಮ್ಮೂರ ಬಡಿಗ ಮೀಸೆ ಬೋಳಿಸಿಕೊಂಡು ರಾಣಿಯಾಗಿ ಅತ್ತರೆ, ಅವನಿಂದಲೇ ನೇಗಿಲು ಮಾಡಿಸಿಕೊಂಡ ರೈತ ಎದುರಿಗೆ ಕೂತು ಮೂಗು ಸೀಟುತ್ತಾನೆ. ಯಾರಾದರೂ ಎದ್ದು ನಿಂತು, 'ಅಳಬ್ಯಾಡ್ರೋ, ಅಂವ ಬಡಿಗ್ಯಾ' ಎನ್ನುತ್ತಾರೆಯೇ? ಹಾಗೆ ಅಂದವನನ್ನು ಊರು ಬಿಡಿಸಬೇಕು.

ನಾನು ಹಾಗೆ ಅಂದಿದ್ದೇನೆ. ನನ್ನನ್ನು ಯಾರೂ ಊರು ಬಿಡಿಸಲಿಲ್ಲ. ಬಿಡಿಸಿದ್ದರೆ ಒಳ್ಳೆಯದಿತ್ತು.

ಈಗ ಎಲ್ಲವನ್ನೂ ಹೇಳಿಬಿಡುತ್ತೇನೆ. ನಾನು ಮ್ಯಾಟ್ರಿಕ್ ಮುಗಿಸಿ ನೌಕರಿಗೆ ಸೇರಿದಾಗ ಗದಗು ಮುಂಬಯಿ ಸರ್ಕಾರದ್ದು. ಲಕ್ಷ್ಮೇಶ್ವರ ಒಂದು ಸಂಸ್ಥಾನದ್ದು, ಶಿರಹಟ್ಟಿ ಮತ್ತೊಂದರದು. ಹಮ್ಮಿಗಿಯಲ್ಲಿ ಹೊಳೆ ದಾಟಿದರೆ ಮದ್ರಾಸಿನ ಸೀಮೆ. ಮುಂಜಾನೆ ಹೊರಟ ಚಕ್ಕಡಿ ಸಂಜೆಯೊಳಗೆ ಮೂರು ಸರ್ಕಾರ ನೋಡುತ್ತಿತ್ತು. ಎತ್ತುಗಳಿಗೆ ಮಾತ್ರ ಮಣ್ಣೆಲ್ಲ ಒಂದೇ. ಸೀಮೆ ಬದಲಾಗುವಲ್ಲಿ ಸುಂಕದ ನಾಕಾ ಇರುತ್ತಿತ್ತು, ಅಲ್ಲಿ ರಸ್ತೆಗೆ ಅಡ್ಡಗಂಬ ಇರುತ್ತಿತ್ತು, ಕಂಬದ ಪಕ್ಕ ಲಕ್ಷ್ಮೇಶ್ವರದ ನಾಕಾದ ಕಾರಕೂನನಾಗಿ ನಾನಿರುತ್ತಿದ್ದೆ. ಕೈಯಲ್ಲಿ ಕಬ್ಬಿಣದ ಸಲಾಕೆ. ಜೋಳದ ಚೀಲಕ್ಕೆ ಚುಚ್ಚುವುದು, ಮೇವಿನ ಹೊರೆಗೆ ಚುಚ್ಚುವುದು, ಗಂಟು ಕಂಡರೆ ಬಿಚ್ಚಿಸುವುದು. ಒಮ್ಮೆ ಗಂಡನ ಮನೆಗೆ ಹೊರಟ ಮದುಮಗಳ ಟ್ರಂಕು ತೆಗೆಸಿದೆ. ಸೀರೆಗಳ ಅಡಿಯಲ್ಲಿ ಚಿಂದಿಬಟ್ಟೆಯ ಗೊಂಬೆಯೊಂದು ಮಲಗಿತ್ತು. ಎತ್ತಿ ಹಿಡಿದು, "ಇದೇನಬೇ?" ಎಂದೆ. ಹುಡುಗಿ ತಲೆ ತಗ್ಗಿಸಿದಳು. ಬೀಗರೆಲ್ಲ ನಕ್ಕರು. ನಾನೂ ನಕ್ಕೆ. ಕರ್ತವ್ಯ ಎಂಬ ಹೆಸರಿನಲ್ಲಿ ಎಂಥ ನೀಚತನವನ್ನೂ ಮಾಡಬಹುದು. ಮೇಲೆ ಸಂಬಳವೂ ಬರುತ್ತದೆ.

ಸ್ವಾತಂತ್ರ್ಯ ಬಂತು, ಸಂಸ್ಥಾನಗಳು ಹೋದವು, ಅಡ್ಡಗಂಬ ಕಿತ್ತರು. ನನ್ನನ್ನು ಶಿರಹಟ್ಟಿಯ ಒಂದು ಕಚೇರಿಗೆ ಹಾಕಿದರು. ಸಲಾಕೆ ಸರ್ಕಾರಕ್ಕೆ ಒಪ್ಪಿಸಿ ಬಂದೆ, ಚುಚ್ಚುವ ಚಟ ಜೊತೆಗೇ ಬಂತು.

ನನ್ನ ಹೆಂಡತಿ ನೀಲವ್ವ ಹಮ್ಮಿಗಿಯ ಹೊಳೆದಂಡೆಯ ಮಗಳು. ಹುಡುಗಿಯಾಗಿದ್ದಾಗ ಹರಿಗೋಲಿನಲ್ಲಿ ಕೂತು, ಹೊಳೆಯ ನಡುವೆ ಬಂದಾಗ ಗೆಳತಿಯರಿಗೆ, "ಈಗ ನಾವು ಯಾವ ಸರಕಾರದಾಗೂ ಇಲ್ಲ, ಬೇಕಾದ್ದು ಮಾತಾಡ್ರೆ" ಎನ್ನುತ್ತಿದ್ದಳಂತೆ. ಮದುವೆಯಾಗಿ ಬಂದ ಮೇಲೂ ಹಾಗೆಯೇ. ಒಲೆಯ ಹೊಗೆಯಲ್ಲಿ ಆಕೆಗೆ ಆನೆ ಕಾಣುತ್ತಿತ್ತು, ಮಾಳಿಗೆಯ ಬಿರುಕಿನಲ್ಲಿ ನದಿಗಳ ನಕಾಶೆ ಕಾಣುತ್ತಿತ್ತು. ಒಂದೇ ಆಸೆ ಇತ್ತು: ಸಮುದ್ರ ನೋಡಬೇಕು. ಹೊಳೆ ಎಲ್ಲ ಕೊನೆಗೆ ಎಲ್ಲಿ ಹೋಗಿ ಕೂಡ್ರುತ್ತದೆ, ನೋಡಬೇಕು.

ಕನ್ನಡದ ಸೀಮೆಗಳೆಲ್ಲ ಕೂಡಿ ಒಂದೇ ರಾಜ್ಯವಾದ ವರ್ಷ. ಗದಗು-ಬೆಟಗೇರಿಯ ಓಣಿಗಳಲ್ಲಿ ತೋರಣ, ಬಾಜಾ ಭಜಂತ್ರಿ. ಆ ಸಂಭ್ರಮದಲ್ಲಿ ಬೆಟಗೇರಿಯ ತಿಪ್ಪಣ್ಣನೆಂಬ ನೇಕಾರ ಒಂದು ವಿಮಾನ ಮಾಡಿದ. ಬಿದಿರಿನ ಚೌಕಟ್ಟು, ಮೇಲೆ ಬಟ್ಟೆ, ಒಳಗೆ ಎರಡು ಸಾಲು ಹಲಗೆ. ಕಿಟಕಿಗಳ ಆಚೆ ಉದ್ದನೆಯ ಬಟ್ಟೆಯೊಂದು ಮಗ್ಗದ ಎರಡು ದಿಂಡುಗಳ ನಡುವೆ ಸುತ್ತುತ್ತ ಹೋಗುವುದು. ಅದರ ಮೇಲೆ ಹೊಸ ರಾಜ್ಯವನ್ನೆಲ್ಲ ಆತ ಬಣ್ಣದಲ್ಲಿ ಬರೆದಿದ್ದ. ಕೆಳಗೆ ಮರೆಯಲ್ಲಿ ನಾಲ್ವರು ನೇಕಾರರು: ಇಬ್ಬರು ದಿಂಡು ತಿರುಗಿಸುವವರು, ಒಬ್ಬ ವಿಮಾನ ಅಲುಗಾಡಿಸುವವ, ಇನ್ನೊಬ್ಬ ಮೊರದಿಂದ ಗಾಳಿ ಬೀಸುವವ. ಮಕ್ಕಳಿಗೆ ಪ್ರವೇಶವಿಲ್ಲ, ಮುಟ್ಟಿ ನೋಡುತ್ತಾರೆ ಎಂದು ತಿಪ್ಪಣ್ಣನ ಹೆದರಿಕೆ. ದೊಡ್ಡವರು ಹಾಗೆ ಮಾಡುವುದಿಲ್ಲ ಎಂದು ಆ ಪುಣ್ಯಾತ್ಮ ನಂಬಿದ್ದ.

ಸಮುದ್ರವೂ ಇದೆಯಂತೆ, ಬಟ್ಟೆಯ ಕೊನೆಯಲ್ಲಿ. ಸುದ್ದಿ ಕೇಳಿದ ನೀಲವ್ವ ಹೊರಟೇ ನಿಂತಳು. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿದಳು. ದೂರ ಹೊರಟವಳಿಗೆ ಉಡಿ ತುಂಬದೆ ಕಳಿಸುವುದುಂಟೇ? ಓಣಿಯ ಹೆಂಗಸರೆಲ್ಲ ಬಂದು ಅಕ್ಕಿ, ಕೊಬ್ಬರಿ ಬಟ್ಟಲು ತಂದು ಉಡಿ ತುಂಬಿದರು, ಹತ್ತು ನಿಮಿಷದ ಬಟ್ಟೆಯ ವಿಮಾನಕ್ಕೆ!

ಎದುರು ಮನೆಯ ಮುದುಕಿ, "ನೀಲವ್ವಾ, ಹೆಂಗೂ ಮ್ಯಾಲಿಂದ ಹೊಕ್ಕೀದಿ, ನಮ್ಮ ಮಾಳಿಗಿ ಎಲ್ಲಿ ಸೋರತೈತಿ ನೋಡ್ಕೊಂಡು ಬಾರವಾ" ಎಂದಳು.

"ಕೆಳಗ ನಿಂತು ಸೆರಗ ಬೀಸಬೇ, ಇಲ್ಲಾಂದ್ರ ನಿಮ್ಮನಿ ಯಾವ್ದು ಅಂತ ಗುರ್ತ ಹತ್ತೂದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಕಚೇರಿಯವರ ಕಿವಿಗೆ ಬಿದ್ದರೆ? "ತಲಿ ಕೆಟ್ಟೈತೇನ ನಿಂದು? ಅದು ಬಟ್ಟಿ!" ಎಂದೆ.

"ನನಗೂ ಗೊತ್ತೈತ್ರಿ. ಸೀರಿನೂ ಬಟ್ಟಿನ, ಉಟ್ಕೊಳ್ಳೂದಿಲ್ಲೇನು?"

ಆಕೆಯ ಜೊತೆ ನಾನೂ ಬೆಟಗೇರಿಗೆ ಹೋಗಿ ಪಕ್ಕದಲ್ಲೇ ಕೂತೆ. ವಿಮಾನದೊಳಗೆ ತಿಪ್ಪಣ್ಣ ಕಹಳೆಯಂಥ ದನಿಯಲ್ಲಿ ಹೇಳುತ್ತ ಹೋದ: "ಎಡಕ್ಕ ಡಂಬಳದ ಕೆರಿ ನೋಡ್ರಿ! ಮುಂದ ಹಂಪಿ ಬಂತು, ಕೈ ಒಳಗ ತಗೋರಿ, ಗೋಪುರ ತಾಗತೈತಿ!" ಹೆಂಗಸರೆಲ್ಲ ಕೈ ಒಳಗೆ ತೆಗೆದುಕೊಂಡರು. ಮುಂಡರಗಿಯ ಅಜ್ಜಿಯೊಬ್ಬಳು, "ಸಾವಕಾಶ ಹಾರಸೋ ತಮ್ಮಾ, ಹೊಟ್ಟಿ ತೊಳಸಾಕತ್ತೈತಿ" ಎಂದಳು. ಜೋಗದಲ್ಲಿ ಎಲ್ಲಿಂದಲೋ ನಾಲ್ಕು ಹನಿ ಮುಖದ ಮೇಲೆ ಬಿದ್ದವು. ನೀಲವ್ವ ಒರೆಸಿಕೊಳ್ಳಲಿಲ್ಲ. ನಾನು ಮಾತ್ರ ಆ ನೀರು ಎಲ್ಲಿಂದ ಬಂತೆಂದು ಬಗ್ಗಿ ಹುಡುಕುತ್ತಿದ್ದೆ.

"ಈಗ ಸಮುದ್ರ! ತಾಯಂದಿರ, ಸೀರಿ ಮ್ಯಾಲ ಹಿಡಕೋರಿ, ತೆರಿ ಬರತಾವ!"

ನೀಲವ್ವ ಎದ್ದು ನಿಂತಳು. ನೆರಿಗೆ ಎತ್ತಿ ಹಿಡಿದಳು. ಆಕೆಯ ಮುಖದಲ್ಲಿ ಆಗ ಏನಿತ್ತು ಎಂದು ನಾನು ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ನಾನು ಕಿಟಕಿಯಿಂದ ಬಗ್ಗಿ, ಕೆಳಗಿನ ಮರೆಯ ಬಟ್ಟೆಯನ್ನು ಹಿಡಿದು ಎಳೆದೆ. "ನೋಡ್ರಿ! ನಾಕ ಮಂದಿ ಕುಂತು ದಿಂಡ ತಿರುಗಸಾಕತ್ತಾರ! ಎಲ್ಲೀ ಸಮುದ್ರ?" ಎಂದು ಕೂಗಿದೆ. ಬೆವರಿನಲ್ಲಿ ತೋಯ್ದ ನಾಲ್ವರು ಬೆಳಕಿಗೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ಎಳೆತಕ್ಕೆ ಸಿಕ್ಕ ಚಿತ್ರದ ಬಟ್ಟೆ ಪರ್ ಎಂದು ಹರಿದು ನಿಂತಿತು. ಹೊರಗೆ ಸರದಿಯಲ್ಲಿದ್ದ ಗಂಡಸರು ಗೊಳ್ಳೆಂದು ನಕ್ಕರು. ಒಳಗಿದ್ದ ಹೆಂಗಸರು ಒಬ್ಬೊಬ್ಬರಾಗಿ, ಏನೋ ತಪ್ಪು ಮಾಡಿ ಸಿಕ್ಕವರಂತೆ, ಎತ್ತಿ ಹಿಡಿದ ಸೀರೆಗಳನ್ನು ಕೆಳಗೆ ಬಿಟ್ಟರು. ನೀಲವ್ವ ಕೊನೆಯವಳು.

ತಿಪ್ಪಣ್ಣ ನನ್ನನ್ನು ಬೈಯಲಿಲ್ಲ. "ಸಾಹೇಬ್ರ, ಬಟ್ಟಿ ಅಂತ ಇವರಿಗೆಲ್ಲಾ ಗೊತ್ತಿತ್ರಿ. ಈಗ ಗೊತ್ತಾಗಿದ್ದು ನಿಮಗೊಬ್ಬರಿಗೆ" ಎಂದ.

ಆ ಮಾತಿಗೆ ಅಂದು ನನಗೆ ಬಂದ ಸಿಟ್ಟು ಇಂದು ನನ್ನ ಮೇಲೆ ಬರುತ್ತಿದೆ. ನೀಲವ್ವ ಬುತ್ತಿಯನ್ನು ಆ ನಾಲ್ವರಿಗೆ ಕೊಟ್ಟು ಬಂದಳು. ಶಿರಹಟ್ಟಿಯಲ್ಲಿ ಎದುರು ಮನೆಯ ಮುದುಕಿ, "ನಮ್ಮ ಮಾಳಿಗಿ ಕಂಡಿತೇನವಾ?" ಎಂದು ಕೇಳಿದಾಗ, "ಮಾಡ ಕವದಿತ್ತಬೇ, ಏನೂ ಕಾಣ್ಲಿಲ್ಲ" ಎಂದಳು. ನಾನು ಮಾಡಿದ್ದನ್ನು ಮೋಡದ ಮೇಲೆ ಹಾಕಿ ನನ್ನ ಮಾನ ಕಾಯ್ದಳು. ಅಂದಿನಿಂದ ಒಲೆಯ ಹೊಗೆಯಲ್ಲಿ ಆನೆ ಬರಲಿಲ್ಲ. ನನ್ನೆದುರಿಗೆ ಎಣ್ಣೆ, ಉಪ್ಪು, ನೆಂಟರ ಮದುವೆ, ಇಷ್ಟೇ ಮಾತು. ಕಾರವಾರಕ್ಕೆ ಕರೆದೊಯ್ಯುತ್ತೇನೆ ಎಂದು ಪ್ರತಿ ಬೇಸಿಗೆ ಹೇಳಿದೆ, ಪ್ರತಿ ಬೇಸಿಗೆ ರಜೆ ಸಿಗಲಿಲ್ಲ ಎಂದೆ. ರಜೆ ಸಿಗುತ್ತಿತ್ತು. ಕೇಳುತ್ತಿರಲಿಲ್ಲ. ಹೀಗೆಯೇ ಆಕೆ ತೀರಿಹೋದಳು.

ಇದನ್ನೆಲ್ಲ ನಿನ್ನೆ ಗಿರಿಜೆಗೆ ಹೇಳಿದೆ. ಆಕೆ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು. ಅಳಿಯಂದಿರ ಮೇಲೆ ಎತ್ತಿದ ಕೊಡೆ ನನ್ನ ತಲೆಯ ಮೇಲೇ ಬೀಳಬೇಕಿತ್ತು ಎಂದೆ. "ನಿನ್ನ ಕೈ ಹಿಂದ ಬಂದದ್ದು ನೋಡಿ ತಡಕೊಳ್ಳಾಕ ಆಗ್ಲಿಲ್ಲವ್ವಾ."

"ಅದಾ?" ಎಂದು ಆಕೆ ನಕ್ಕಳು. "ನೀವಿಬ್ರೂ ಜಗಳಾಡೂವಾಗ ನಾ ಹೋಗಿ ಕರಡಿಗೆ ಕೈ ಕೊಟ್ಟು ಬಂದ್ನೆಲ್ಲಾ. ಅವರ ಮನ್ಯಾಗ ಎಲ್ಲಾರೂ ಆರಾಮಂತ."

ನನಗೆ ನಗು ಬರಲಿಲ್ಲ. "ನಿಮ್ಮವ್ವ ಸಮುದ್ರ ನೋಡದನ ಹೋದ್ಲು" ಎಂದೆ.

ಸೊಪ್ಪಿನ ಮೇಲಿದ್ದ ಕೈ ನಿಂತಿತು. "ಅವ್ವ ಸಮುದ್ರ ನೋಡಿಲ್ಲಂತ ನಿಮಗ ಯಾರು ಹೇಳಿದ್ರು?"

"ಮತ್ತ?"

"ನೀವು ಕಚೇರಿಗೆ ಹೋದ ಕೂಡ್ಲೇ ನಾವಿಬ್ರೂ ಹೊರಡತಿದ್ವಿ. ಸಮುದ್ರಕ್ಕಂತೂ ವಾರಕ್ಕ ಎರಡ ಸಲ. ಸಂಜಿಮುಂದ ಓಣಿ ಮೂಲ್ಯಾಗ ನಿಮ್ಮ ಕೆಮ್ಮು ಕೇಳಿದ್ರ ಜಲ್ದಿ ಜಲ್ದಿ ಇಳದುಬಿಡತಿದ್ವಿ."

"ಇಳೀತಿದ್ರಿ? ಯಾತರಿಂದ? ಹಿತ್ತಲದಾಗೋ, ಮಾಳಿಗಿ ಮ್ಯಾಲೋ?"

"ಅದನ್ನ ಅಪ್ಪಗ ಹೇಳಬ್ಯಾಡಂತ ಅವ್ವ ಆಣಿ ಹಾಕಿಸ್ಯಾಳ" ಎಂದು ಗಿರಿಜಾ ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಅಷ್ಟು ವರ್ಷ ನನ್ನದೇ ಮನೆಯಿಂದ ತಾಯಿ ಮಗಳು ಲೋಕವನ್ನೆಲ್ಲ ಸುತ್ತಿದ್ದಾರೆ. ನಾನು ಬಾಗಿಲು ತೆರೆದಾಗ ಅಲ್ಲಿದ್ದದ್ದು ಬರೀ ಅಡುಗೆಮನೆ. ಹೊಟ್ಟೆಕಿಚ್ಚು, ಸಿಟ್ಟು, ಇನ್ನೂ ಹೆಸರಿಡದ ಏನೇನೋ ಒಟ್ಟಿಗೆ ಬಂದವು. ನಾಲಗೆಯ ತುದಿಗೆ ಹತ್ತು ಪ್ರಶ್ನೆ ಬಂದು ನಿಂತವು. ಒಂದನ್ನೂ ಕೇಳಲಿಲ್ಲ. ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಒಳಗೆ ಆಕೆ ಯಾರೊಡನೆಯೋ ಮಾತಾಡುವಂತೆ ಮೆಲ್ಲಗೆ ನಗುತ್ತಿದ್ದಳು.

ಇವತ್ತಿನಿಂದ ಮನೆಯೊಳಗೆ ಕಾಲಿಡುವ ಮುಂಚೆ, ಗಂಟಲಿಗೆ ಏನೂ ಆಗಿರದಿದ್ದರೂ, ಬಾಗಿಲ ಹೊರಗೆ ನಿಂತು ಎರಡು ಸಲ ಜೋರಾಗಿ ಕೆಮ್ಮುತ್ತೇನೆ. ಇಳಿಯಲು ತಾಯಿ ಮಗಳಿಗೂ ಸ್ವಲ್ಪ ಹೊತ್ತು ಬೇಕಲ್ಲ.