ರಿಲೀವರ್ ಬಂದ್ರಾ?

ಕೋವಿಡ್ ಮುಗಿದ ಮರುವರ್ಷ. ನಾನು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ಆರ್ಥೋಪೆಡಿಕ್ ವಾರ್ಡಿನಲ್ಲಿ ಸೀನಿಯರ್ ಸ್ಟಾಫ್ ನರ್ಸ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮೂಳೆ ಮುರಿದವರ ವಾರ್ಡಿನಲ್ಲಿ ಸಾವು ಕಡಿಮೆ, ಗೊಣಗಾಟ ಹೆಚ್ಚು. ಅಂಥ ಕಡೆ ಒಂದು ಇಂಗ್ಲಿಷ್ ಪದ ನಮ್ಮೆಲ್ಲರನ್ನೂ ಎರಡು ದಿನ ದಾರಿ ತಪ್ಪಿಸಿತು. ದಾರಿ ತೋರಿಸಿದವರು ನನ್ನ ಯಜಮಾನರು, ನಾಗರಾಜ್. ಅವರು ಈಗಿಲ್ಲ. ಅದಕ್ಕೇ ಇದನ್ನು ಬರೆದಿಡಬೇಕೆನಿಸಿತು.

ರೋಗಿಯ ಹೆಸರು ಮುನಿಸ್ವಾಮಿ. ಭದ್ರಾವತಿಯವರು, ವಯಸ್ಸು ಎಪ್ಪತ್ತು ದಾಟಿತ್ತು. ಕಬ್ಬಿಣ ಕರಗಿಸುವ ಕಾರ್ಖಾನೆಯ ಫರ್ನೇಸ್ ಮುಂದೆ ಜೀವನ ಕಳೆದು ನಿವೃತ್ತರಾಗಿದ್ದವರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮರುದಿನದಿಂದ ಅವರಿಗೆ ಜಾಗದ ಪರಿವೆಯೇ ಉಳಿಯಲಿಲ್ಲ. ದೊಡ್ಡ ಆಪರೇಷನ್ ಆದ ಮೇಲೆ ವಯಸ್ಸಾದವರಿಗೆ ಹೀಗೆ ಕೆಲವು ದಿನ ಗೊಂದಲ ಹಿಡಿಯುವುದುಂಟು, ಡೆಲಿರಿಯಂ ಎನ್ನುತ್ತಾರೆ. ಅವರು ಡ್ರಿಪ್ ಕಿತ್ತುಹಾಕುತ್ತಿದ್ದರು, ಮಂಚದಿಂದ ಕಾಲು ಕೆಳಗಿಡಲು ನೋಡುತ್ತಿದ್ದರು. "ಆ ಕಾಲೂರಿ ಬಿದ್ರೆ ಮತ್ತೆ ಆಪರೇಷನ್ ಮಾಡ್ಬೇಕಾಗುತ್ತೆ. ಅವರ ಹಾರ್ಟ್ ಇನ್ನೊಂದು ಅನಸ್ತೀಸಿಯಾ ತಡೆಯೋದು ಕಷ್ಟ" ಎಂದು ಸರ್ಜನ್ ಎಚ್ಚರಿಸಿ ಹೋಗಿದ್ದರು.

ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು. "ರಿಲೀವರ್ ಬಂದ್ರಾ? ರಿಲೀವರ್ ಎಲ್ಲಿ?"

ಡ್ಯೂಟಿ ಡಾಕ್ಟರ್ ಒಳ್ಳೆಯ ಹುಡುಗ. ಅವರಿಗೆ ಅರ್ಥವಾದದ್ದು ಪೇನ್ ರಿಲೀವರ್, ಅಂದರೆ ನೋವಿನ ಮದ್ದು. ನನಗೂ ಹಾಗೇ ಅನಿಸಿತು. ಆಸ್ಪತ್ರೆಯಲ್ಲಿ ಆ ಪದಕ್ಕೆ ಬೇರೆ ಅರ್ಥ ಯಾರಿಗೆ ಹೊಳೆಯುತ್ತದೆ? "ಕೊಡ್ತೀವಿ ಯಜಮಾನ್ರೇ, ಈಗ್ಲೇ ಕೊಡ್ತೀವಿ" ಎಂದು ಇಂಜೆಕ್ಷನ್ ಕೊಟ್ಟೆವು. ಸ್ವಲ್ಪ ಹೊತ್ತು ಮಂಪರು. ಎದ್ದಾಗ ಗೊಂದಲ ಇನ್ನೂ ಹೆಚ್ಚಾಗಿತ್ತು.

ಅವರ ಮಗಳು ಸೆಲ್ವಿ ಸರ್ಕಾರಿ ಶಾಲೆಯ ಟೀಚರ್. ಅವಳಿಗೆ ಆಗಷ್ಟೇ ಟ್ರಾನ್ಸ್‌ಫರ್ ಆಗಿ, ಹಳೇ ಶಾಲೆಯವರು ರಿಲೀವ್ ಮಾಡದೆ ಸತಾಯಿಸುತ್ತಿದ್ದರು. ಹಾಗಾಗಿ ಅವಳಿಗೆ ಕೇಳಿಸಿದ್ದು ಬೇರೊಂದು ಅರ್ಥ, ಕೆಲಸದಿಂದ ಬಿಡುಗಡೆ. ಅಪ್ಪನ ಕೈ ಹಿಡಿದು, "ಅಪ್ಪಾ, ನೀನು ರಿಲೀವ್ ಆಗಿ ಯಾವ್ ಕಾಲ ಆಯ್ತು! ಬೀಳ್ಕೊಡುಗೆಗೆ ಹಾರ ಹಾಕಿರ್ಲಿಲ್ವಾ?" ಎಂದಳು.

ಮುನಿಸ್ವಾಮಿ ಬೆಚ್ಚಿಬಿದ್ದರು. "ನಾನ್ ರಿಲೀವ್ ಆಗಿದೀನಾ? ಹಂಗಾದ್ರೆ ಫರ್ನೇಸ್ ಹತ್ರ ಯಾರಿದಾರೆ? ಅಯ್ಯೋ, ಬಿಡ್ರೋ ನನ್ನ!" ಇಬ್ಬರು ವಾರ್ಡ್ ಬಾಯ್‌ಗಳು ಸೇರಿ ಅವರನ್ನು ಮಲಗಿಸಬೇಕಾಯಿತು. ಅವರನ್ನು ಕೆಲಸದಿಂದ ಬಿಡಿಸಿದ ಪದವೇ ಅವರನ್ನು ಮತ್ತೆ ಕೆಲಸಕ್ಕೆ ಎಬ್ಬಿಸಿತ್ತು.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕೈ ಕಟ್ಟುವುದೆಂದು ತೀರ್ಮಾನವಾಯಿತು. ಮೆತ್ತನೆಯ ಪಟ್ಟಿಯಿಂದಲೇ ಕಟ್ಟುತ್ತೇವೆ, ಆದರೂ ಕಟ್ಟಿಸಿಕೊಂಡವರ ಕಣ್ಣು ನೋಡಲಾಗದು. ಸೆಲ್ವಿ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು.

ಪಟ್ಟಿ ಕೈಯಲ್ಲಿ ಹಿಡಿದಿದ್ದಾಗ ನನಗೆ ಫೋನ್ ಬಂತು. ನಮ್ಮವರು. ಡ್ಯೂಟಿ ಮುಗಿದ ಮೇಲೆ ನನ್ನನ್ನು ವಿದ್ಯಾನಗರದ ಮನೆಗೆ ಕರೆದೊಯ್ಯಲು ಸ್ಕೂಟರ್ ತಂದು ಕೆಳಗೆ ನಿಂತಿರುತ್ತಿದ್ದರು. "ಎಷ್ಟೊತ್ತು ಮಾರಾಯ್ತಿ? ಬಿಸಿಲಲ್ಲಿ ಹಪ್ಪಳ ಆಗ್ತಿದೀನಿ."

"ಇರ್ರೀ, ಬರ್ತೀನಿ. ನನ್ ರಿಲೀವರ್ ಇನ್ನೂ ಬಂದಿಲ್ಲ" ಎಂದೆ. ಮುಂದಿನ ಶಿಫ್ಟಿನ ನರ್ಸ್ ಬಂದಿರಲಿಲ್ಲ, ಅಷ್ಟೇ.

ಮಂಚದ ಮೇಲೆ ಒದ್ದಾಟ ನಿಂತಿತು. ಮುನಿಸ್ವಾಮಿ ಎರಡು ದಿನದಲ್ಲಿ ಮೊದಲ ಬಾರಿಗೆ ನನ್ನ ಮುಖವನ್ನು ಸರಿಯಾಗಿ ನೋಡಿದರು. "ನಿಮ್ದೂ ಬಂದಿಲ್ವೇನಮ್ಮಾ?" ಎಂದರು. ದನಿಯಲ್ಲಿ ಕನಿಕರವಿತ್ತು. "ನಂದೂ ಬಂದಿಲ್ಲ. ಎಷ್ಟೊತ್ತಾಯ್ತು ನೋಡಿ. ಬಿಟ್ಟು ಹೋಗೋ ಹಂಗಿಲ್ಲ, ಇರೋ ಹಂಗಿಲ್ಲ."

ಪಟ್ಟಿ ಕೆಳಗಿಟ್ಟೆ. ಫೋನ್ ಇನ್ನೂ ಕಿವಿಯಲ್ಲೇ ಇತ್ತು. ನಮ್ಮವರೂ ಭದ್ರಾವತಿಯಲ್ಲಿ, ಬೇರೊಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡವರು. ಮುಂದಿನ ಪಾಳಿಯವನು ಎದುರಿಗೆ ಬಂದು ನಿಲ್ಲದೆ ಅವರು ಜಾಗ ಬಿಡುವಂತಿರಲಿಲ್ಲ. ಹಬ್ಬದ ದಿನ ಎಲೆ ಹಾಕಿಕೊಂಡು ಎಷ್ಟು ಸಲ ಅವರಿಗಾಗಿ ಕಾದಿದ್ದೆನೋ! ಅವರಿಗೆ ಎರಡೇ ಮಾತಿನಲ್ಲಿ ವಿಷಯ ಹೇಳಿದೆ.

"ಅಯ್ಯೋ, ಅವ್ರಿಗೆ ಇಂಜೆಕ್ಷನ್ ಯಾಕೆ ಚುಚ್ತೀರಾ?" ಎಂದರು. "ಅವ್ರು ಕೇಳ್ತಿರೋದು ಮದ್ದಲ್ಲ, ಮನುಷ್ಯನ್ನ. ನಾನೇ ಬರ್ತೀನಿ."

ಡ್ಯೂಟಿ ಡಾಕ್ಟರನ್ನು ಕೇಳಿದೆ. "ಕಟ್ಟೋದಕ್ಕಿಂತ ವಾಸಿ, ನೋಡಿ ಸಿಸ್ಟರ್" ಎಂದರು. ನಮ್ಮವರು ಬಂದು ಮಂಚದ ಪಕ್ಕ ನಿಂತು, ಅಂಗಿಯ ತೋಳು ಮಡಚಿದರು.

"ಬಂದೆ ಅಣ್ಣಾ. ಬಿಡಿ, ನಾನ್ ನೋಡ್ಕೋತೀನಿ."

ಮುನಿಸ್ವಾಮಿ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಯಾಕಪ್ಪಾ ಲೇಟು?"

"ಬಸ್ ಸಿಗ್ಲಿಲ್ಲ ಅಣ್ಣಾ."

"ಸುಳ್ ಬೇರೆ. ಉಂಡು ಮಲ್ಗಿರ್ತೀಯ."

"ಹೂಂ ಅಣ್ಣಾ, ತಪ್ಪಾಯ್ತು. ಹೆಂಗಿದೆ ಫರ್ನೇಸು?"

"ಚೆನ್ನಾಗ್ ಕಾದಿದೆ. ತಣ್ಣಗಿಡೋ ನೀರಿನ್ ಪೈಪ್ ಮೇಲೆ ಒಂದ್ ಕಣ್ಣಿಟ್ಟಿರು. ನೀರ್ ನಿಂತ್ರೆ ಕತೆ ಮುಗೀತು."

"ಇಡ್ತೀನಿ. ನೀವ್ ಮನೆಗ್ ಹೋಗಿ, ಮಲಗಿ."

ಮುನಿಸ್ವಾಮಿ ಉದ್ದಕ್ಕೆ ಉಸಿರು ಬಿಟ್ಟು, "ಬೂಟ್ ಬಿಚ್ಚಪ್ಪಾ, ಬಗ್ಗಕ್ಕಾಗ್ತಿಲ್ಲ" ಎಂದರು. ನಮ್ಮವರು ಮಂಚದ ತುದಿಗೆ ಹೋಗಿ, ಇಲ್ಲದ ಬೂಟಿನ ಲೇಸು ಬಿಡಿಸಿ, ಒಂದೊಂದಾಗಿ ತೆಗೆದು ಮಂಚದ ಕೆಳಗಿಟ್ಟರು. ಅವರು ಏಳುವಷ್ಟರಲ್ಲಿ ಮುನಿಸ್ವಾಮಿ ನಿದ್ದೆ ಹೋಗಿದ್ದರು. ಬಾಗಿಲಲ್ಲಿ ಸೆಲ್ವಿ ಅಳುತ್ತಾ ನಗುತ್ತಿದ್ದಳು.

ಸಂಜೆಯವರೆಗೂ ಮುನಿಸ್ವಾಮಿ ಕದಲಲಿಲ್ಲ. "ಏನ್ ಕೊಟ್ರಿ ಸಿಸ್ಟರ್?" ಎಂದು ಸರ್ಜನ್ ಕೇಳಿದರಂತೆ. ಅಷ್ಟರಲ್ಲಿ ಬಂದಿದ್ದ ನನ್ನ ರಿಲೀವರ್, "ರಿಲೀವರ್ ಕೊಟ್ರಂತೆ ಸಾರ್" ಎಂದಳಂತೆ. ಕೆಲವು ದಿನಗಳಲ್ಲಿ ಗೊಂದಲ ಪೂರ್ತಿ ಇಳಿಯಿತು. ವಾಕರ್ ಹಿಡಿದು ನಡೆದುಕೊಂಡೇ ವಾರ್ಡಿನಿಂದ ಹೊರಟರು.

ಕಳೆದ ವರ್ಷ ನಮ್ಮವರು ತೀರಿಕೊಂಡರು. ಕ್ಯಾನ್ಸರ್. ಕೊನೆಯ ತಿಂಗಳು ಮನೆಯಲ್ಲೇ ಇಟ್ಟುಕೊಂಡು ನಾನೇ ನೋಡಿಕೊಂಡೆ. ಬಂದವರೆಲ್ಲ ಸಮಾಧಾನ ಹೇಳಿದರು. ಅವರಿಗೆ ಬಿಡುಗಡೆ ಆಯಿತು ಎಂದರು, ನೋವು ಕಳೆಯಿತು ಎಂದರು, ನಿನಗೂ ಇನ್ನು ಹಗುರ ಎಂದರು. ಎಲ್ಲವೂ ರಿಲೀವ್ ಎಂಬ ಅದೇ ಒಂದು ಇಂಗ್ಲಿಷ್ ಪದದ ಅರ್ಥಗಳು. ಯಾವುದೂ ತಪ್ಪಲ್ಲ, ಆದರೆ ಯಾವುದೂ ನನಗೆ ತಾಗಲಿಲ್ಲ.

ತಿಂಗಳು ಕಳೆದ ಮೇಲೆ ಮುನಿಸ್ವಾಮಿ ಕೋಲೂರಿಕೊಂಡು ಸೆಲ್ವಿಯ ಜೊತೆ ಮನೆಗೆ ಬಂದರು. ಆಸ್ಪತ್ರೆಯ ಆ ಮಧ್ಯಾಹ್ನ ಅವರಿಗೆ ನೆನಪಿಲ್ಲ; ಮಗಳು ಹೇಳಿ ಹೇಳಿ ಗೊತ್ತು. ನಮ್ಮವರ ಫೋಟೋದ ಮುಂದೆ ಕೋಲು ಒರಗಿಸಿ ಕೂತರು. ಆಮೇಲೆ ಕೇಳಿದರು: "ನನ್ನನ್ನ ಅವ್ರು ರಿಲೀವ್ ಮಾಡಿದ್ರು. ಅವ್ರನ್ನ ಯಾರು ಮಾಡಿದ್ರು ಸಿಸ್ಟರ್? ಆ ಹೊತ್ನಲ್ಲಿ ಯಾರಿದ್ರು?"

"ನಾನೇ ಇದ್ದೆ ಅಣ್ಣಾ. ಕೈ ಹಿಡ್ಕೊಂಡು ಪಕ್ಕದಲ್ಲೇ ಇದ್ದೆ."

"ಹಂಗಾದ್ರೆ ಸರಿ" ಎಂದರು. "ಯಾರಾದ್ರೂ ಬಂದ್ ನಿಂತ್ರೆ, ಹೋಗೋರ್ ನಿಶ್ಚಿಂತೆಯಿಂದ ಹೋಗ್ತಾರೆ."

ರೋಗಿ ಒಂದು ಪದ ಹೇಳಿದರೆ, ಅದಕ್ಕೆ ನಮ್ಮ ಅರ್ಥ ಹಚ್ಚುವ ಮೊದಲು ಅವರು ಎಲ್ಲಿ ನಿಂತು ಹೇಳುತ್ತಿದ್ದಾರೆಂದು ಕೇಳಬೇಕು. ನರ್ಸಿಂಗ್ ಶಾಲೆಯ ಹುಡುಗಿಯರಿಗೆ ನಾನು ಇದನ್ನು ಹೇಳುತ್ತೇನೆ. ಆ ಪದದ ಕೊನೆಯ ಅರ್ಥ ನನಗೆ ಸಿಕ್ಕಿದ್ದು ಮಾತ್ರ ನನ್ನ ಮನೆಯ ನಡುಮನೆಯಲ್ಲಿ.

ನಮ್ಮ ಮನೆಯ ಟ್ಯಾಂಕಿಗೆ ನೀರು ಬಿಡುವುದು ಯಾವಾಗಲೂ ನಮ್ಮವರ ಕೆಲಸ. ಅವರು ಹೋದಂದಿನಿಂದ ಪಕ್ಕದ ಮನೆಯವರು ಮೋಟರ್ ಹಾಕುತ್ತಿದ್ದರು. ನಾನು ಆ ಸ್ವಿಚ್ಚಿನ ಹತ್ತಿರವೂ ಹೋಗಿರಲಿಲ್ಲ. ಮುನಿಸ್ವಾಮಿ ಬಂದು ಹೋದ ಮರುದಿನ ಬೆಳಿಗ್ಗೆ, ಅವರ ಪಾಳಿಗೆ ನಾನೇ ಹೋಗಿ ಮೋಟರ್ ಹಾಕಿದೆ. ಪೈಪಿಗೆ ಕೈಯಿಟ್ಟು ನೋಡಿದೆ. ನೀರು ಏರುತ್ತಿತ್ತು.