ಹದಿನೇಳನೇ ತುಂಡಿನ ಮುಳ್ಳು

ಡನ್‌ಡಾಕ್ ಎಂಬ ಪರದೇಶದ ಊರಾಚೆ ಒಂದು ತೋಟದ ಸಂಘವಿತ್ತು. ಗುತ್ತಿಗೆಗೆ ಹಿಡಿದ ಹೊಲವನ್ನು ತುಂಡು ಮಾಡಿ, ತರಕಾರಿ ಬೆಳೆಯುವ ಆಸೆಯಿದ್ದವರಿಗೆ ಕೊಡುತ್ತಿತ್ತು. ಮಾರ್ಚಿನಲ್ಲಿ ಅದರ ಕಾರ್ಯದರ್ಶಿ ಡೆಸ್ಮಂಡ್ ಕಾತ್ಯಾಯಿನಿಗೆ ಹದಿನೇಳನೇ ತುಂಡನ್ನು ನಗುನಗುತ್ತ ತೋರಿಸಿದ. ಎದೆಯೆತ್ತರ ಮುಳ್ಳುಬಳ್ಳಿ, ತುರಿಕೆಗಿಡ, ನಡುವೆ ಯಾರೋ ಎಸೆದ ಕೊಳೆತ ಹಾಸಿಗೆ.

"ಮೂರು ತಿಂಗಳಲ್ಲಿ ಕ್ಲೀನ್ ಮಾಡಿ. ಆಮೇಲೆ ಇದು ನಿಮ್ಮದೇ."

ಕಾತ್ಯಾಯಿನಿ ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಆರು ವರ್ಷ ಮಣ್ಣಿನ ಪಾಠ ಮಾಡಿದವಳು. ಗಂಡ ಚಾಮರಾಜನಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ ಸಿಕ್ಕಿತು. ಅವಳ ಪಾಸ್‌ಪೋರ್ಟಿಗೆ ಕೆಲಸ ಮಾಡಕೂಡದೆಂಬ ಮುದ್ರೆ ಬಿತ್ತು. ನಾಲ್ಕು ವರ್ಷದಿಂದ ಅವಳು ಮಣ್ಣು ಮುಟ್ಟಿರಲಿಲ್ಲ. ಆದರೂ ಆ ಮುಳ್ಳು ನೋಡಿ ಎದೆ ಅಳುಕಿತು. ನಾಳೆ ಹೇಳುತ್ತೇನೆಂದು ಹೊರಟಳು.

ಪಕ್ಕದ ತುಂಡಿನ ಮುದುಕ ಕಾರ್ಮಾಕ್ ತಲೆಯೆತ್ತದೆ ಅಂದ: "ಈ ತುಂಡು ತಗೋಬೇಡ. ಸುಮ್ಮನೆ ಮನೆಗೆ ಹೋಗು."

ಮನೆಗೆ ಹೋಗು ಎಂಬ ಮಾತನ್ನು ಅವಳು ಬಸ್ಸಿನಲ್ಲೂ, ನಿನ್ನ ದೇಶಕ್ಕೆ ತೊಲಗು ಎಂಬ ಅರ್ಥದಲ್ಲಿ, ಕೇಳಿದ್ದಳು. ಮೈ ಉರಿಯಿತು.

ರಾತ್ರಿ ಊಟಕ್ಕೆ ಗಂಡನ ಗೆಳೆಯ ಕಿರಣ್ ಬಂದಿದ್ದ. ವಿಷಯ ಕೇಳಿ ಚಾಮರಾಜ ಅಂದ: "ಪಾಠ ಮಾಡೋದು ಬೇರೆ, ಗುದ್ದಲಿ ಹಿಡಿಯೋದು ಬೇರೆ ಕಣೆ. ಕುಂಡದಲ್ಲಿರೋ ತುಳಸೀನೇ ಒಣಗಿಸಿದವಳು ನೀನು." ಇಬ್ಬರೂ ನಕ್ಕರು. ಅವಳು ಸಾರು ಬಡಿಸಿದಳು.

ಬೆಳಿಗ್ಗೆ ಹೋಗಿ ಸಹಿ ಹಾಕಿದಳು. ಮಣ್ಣಿನ ಮೇಲಿನ ಪ್ರೀತಿಗಿಂತ ಗಂಡನ ಮೇಲಿನ, ಆ ಮುದುಕನ ಮೇಲಿನ ಹಟವೇ ಹೆಚ್ಚಾಗಿತ್ತು.

ಅಂಗೈ ಸಿಗಿದು ಕೀವಾಯಿತು. ಬೇರು ಕಿತ್ತಷ್ಟೂ ಬಂತು. ಒಂದು ದಿನ ಕಾರ್ಮಾಕ್ ಬೇಲಿಯ ಮೇಲೆ ಚರ್ಮದ ಕೈಗವಸು ಇಟ್ಟು ಹೋದ; ಅವನ ಕಣ್ಣೆದುರೇ ಅದನ್ನು ಕೆಸರಿಗೆ ಎಸೆದಳು. ಜೂನ್ ಹೊತ್ತಿಗೆ ನೆಲ ಹಸನಾಯಿತು. ಆಗಸ್ಟಿನಲ್ಲಿ ಹುರುಳಿಕಾಯಿ ಬಳ್ಳಿ ಕೋಲು ದಾಟಿತು, ಮೆಂತ್ಯ ಎರಡು ಸಲ ಕೊಯ್ಲಿಗೆ ಬಂತು.

ಆ ತಿಂಗಳೇ ಸಂಘದ ಸಭೆ. ಹೊಲದ ಒಡೆಯ ಮನೆ ಕಟ್ಟುವವರಿಗೆ ಜಮೀನು ಮಾರಿದ್ದ. ಗುತ್ತಿಗೆಯ ಕರಾರಿನಂತೆ ಸಂಘ ಅದನ್ನು ಮುಳ್ಳು, ಕಸ ತೆಗೆದು ಬಿಟ್ಟುಕೊಡಬೇಕಿತ್ತು. ಒಂದು ವರ್ಷ ತುಂಬಿದ ಸದಸ್ಯರಿಗೆ ಬೇರೆ ಕಡೆ ಹೊಸ ತುಂಡು. ಅವಳಿಗೆ ಆಗಿದ್ದು ಐದೇ ತಿಂಗಳು.

"ಯಾವಾಗ ಮಾರಿದ್ದು?" ಎಂದು ಕೇಳಿದಳು.

"ಫೆಬ್ರವರಿ," ಡೆಸ್ಮಂಡ್ ಈಗಲೂ ನಗುತ್ತಿದ್ದ. "ನಿಮ್ಮಿಂದ ಸಂಘಕ್ಕೆ ತುಂಬಾ ಸಹಾಯ ಆಯ್ತು. ನಿಮಗೂ ಒಂದು ಬೇಸಿಗೆ ಗ್ರ್ಯಾಂಡ್ ಆಗಿ ಕಳೀತಲ್ಲ."

ಹೊರಗೆ ಕಾರ್ಮಾಕ್ ಸೈಕಲ್ಲಿನ ಬೀಗ ತೆಗೆಯುತ್ತಿದ್ದ.

"ನಿಮಗೂ ಗೊತ್ತಿತ್ತು."

"ಬೇಡ ಅಂತ ಹೇಳಿದ್ನಲ್ಲ."

"ಯಾಕೆ ಬೇಡ ಅನ್ನೋದನ್ನ ಹೇಳಲಿಲ್ಲ."

ಅವನು ಬೀಗವನ್ನು ಚೀಲಕ್ಕೆ ಹಾಕಿಕೊಂಡ. "ಹೇಳಿದ್ರೆ ಸಂಘದವರು ನನಗೆ ಹೊಸ ತುಂಡು ಕೊಡ್ತಿರಲಿಲ್ಲ," ಎಂದು ಸೈಕಲ್ ಹತ್ತಿದ.

ಮುಂದಿನ ವಾರ ಹಳದಿ ಯಂತ್ರ ಬಂತು. ಅವಳು ರಸ್ತೆಯಾಚೆ ಬಸ್ ಸ್ಟಾಪಿನಲ್ಲಿ ನಿಂತು ನೋಡಿದಳು. ಅವಳ ತುಂಡಿಗೆ ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಹುರುಳಿಕಾಯಿ ಬಳ್ಳಿ ಕೋಲುಗಳ ಸಮೇತ ಮಣ್ಣಿನಡಿ ಹೋಯಿತು.

ಮನೆಗೆ ಬಂದಾಗ ಚಾಮರಾಜ ಟೀವಿ ನೋಡುತ್ತಿದ್ದ. "ಇವತ್ತೇನೂ ತರಲಿಲ್ವಾ?"

ಮೋಸಹೋದೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. "ಬೇಜಾರಾಯ್ತು, ತೋಟ ಬಿಟ್ಬಿಟ್ಟೆ," ಎಂದಳು.

ಅವನು ತೊಡೆ ತಟ್ಟಿಕೊಂಡು ನಕ್ಕ. ಕಿರಣನಿಗೆ ಹೇಳಬೇಕೆಂದು ಆಗಲೇ ಫೋನು ಕೈಗೆತ್ತಿಕೊಂಡ.