ಫೋನಿನೊಳಗೆ ಹೋದ ಲೋಬಾನದ ಹೊಗೆ

ಕೊಲ್ಲಿ ದೇಶದ ಈ ಬರ್ಕಾ ಪಟ್ಟಣದ ಕ್ಷೌರದಂಗಡಿಯಲ್ಲಿ ಇವತ್ತು ಸರದಿ ಕಾಯುತ್ತಿದ್ದಾಗ ಪಕ್ಕದವನ ಫೋನಿನಲ್ಲಿ ಚೀನೀ ಹುಡುಗಿಯೊಬ್ಬಳು ಉಸಿರು ಬಿಡದೆ ಲಿಪ್‌ಸ್ಟಿಕ್ ಮಾರುತ್ತಿದ್ದಳು. ಭಾಷೆ ಒಂದಕ್ಷರ ಅರ್ಥವಾಗದಿದ್ದರೂ ನನಗೆ ನಗು ಬಂತು. ಕಾರಣ ನಿಮಗೆ ಹೇಳದೆ ಹೇಗಿರಲಿ?

ಕೆಲವು ವರ್ಷಗಳ ಹಿಂದೆ ನಮ್ಮ ಸುಮತಿಯಕ್ಕನ ಲೋಬಾನದಂಗಡಿ ಮುಚ್ಚುವ ಹಂತಕ್ಕೆ ಬಂದಿತ್ತು. ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಉಡುಪಿ ಕಡೆಯವರು, ಗಂಡ ತೀರಿಕೊಂಡ ಮೇಲೂ ಅಂಗಡಿ ಬಿಡದೆ ನಡೆಸಿದವರು, ಶುಕ್ರವಾರ ಬಂತೆಂದರೆ ನನ್ನಂಥ ಒಂಟಿ ನೌಕರರಿಗೆ ಗಂಜಿ-ಚಟ್ನಿ ಬಡಿಸುವವರು. ಗಿರಾಕಿಗಳು ಮಾಲ್‌ಗಳ ಪಾಲಾಗಿದ್ದರು. ಈ ತಿಂಗಳು ವ್ಯಾಪಾರ ಏಳದಿದ್ದರೆ ಲೈಸೆನ್ಸ್ ಮುಂದುವರಿಸುವುದಿಲ್ಲ ಎಂದು ಕಫೀಲ್, ಅಂದರೆ ಅಂಗಡಿಗೂ ವೀಸಾಕ್ಕೂ ಹೊಣೆಯಾದ ಅರಬ, ಮೃದುವಾಗಿಯೇ ಹೇಳಿಹೋಗಿದ್ದ. ಅಂಗಡಿ ಹೋದರೆ ಅಕ್ಕನ ವೀಸಾವೂ ಹೋದಂತೆ.

ಅಂಗಡಿಯ ಮೇಲಿನ ಮನೆಯಲ್ಲಿ ಲಿನ್ ಎಂಬ ಚೀನೀ ಹುಡುಗಿಯಿದ್ದಳು. ಟೈಲ್ಸ್ ಕಂಪೆನಿಯಲ್ಲಿ ಕೆಲಸ. ತಮ್ಮ ಕಡೆ ಜನಕ್ಕೆ ಜಾಹೀರಾತು ಸಾಕಾಗಿದೆ, ಮಾರುವವರ ಮುಖವನ್ನು ಫೋನಿನಲ್ಲೇ ನೋಡಿ, ಪ್ರಶ್ನೆ ಕೇಳಿ, ಅಲ್ಲೇ ಬೆರಳೊತ್ತಿ ಕೊಳ್ಳುತ್ತಾರೆ ಎಂದಳು. ಮಾಲು ಇಳಿಸಿಕೊಂಡು ಹಂಚಲು ಅಲ್ಲಿ ಅವಳ ಅಣ್ಣನಿದ್ದ. ನೇರಪ್ರಸಾರ ಮಾಡುವುದೆಂದು ತೀರ್ಮಾನವಾಯಿತು.

ನಾನು ಸುಮ್ಮನಿರಬೇಕಲ್ಲ? ಆಫೀಸಿನಲ್ಲಿ ಒಂದೆರಡು ಪ್ರೆಸೆಂಟೇಶನ್ ಕೊಟ್ಟ ಧೈರ್ಯದಲ್ಲಿ ಮಾರ್ಕೆಟಿಂಗ್ ಪಂಡಿತನಾದೆ. ಅಕ್ಕ ಕೂರುವ ಜಾಗದ ಹಿಂದೆ ಕೆಂಪು ವೆಲ್ವೆಟ್ ಕಟ್ಟಿಸಿದೆ. ‘ಪ್ರೀಮಿಯಂ’, ‘ರಾಯಲ್’ ಎಂದೆಲ್ಲ ಅಕ್ಕನಿಗೆ ಗಿಳಿಪಾಠ ಮಾಡಿಸಿದೆ. ಅವರೋ, ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಡುವವರಂತೆ ಅದನ್ನು ಒಪ್ಪಿಸಿದರು; ಪಕ್ಕದಲ್ಲಿ ಕೂತ ಲಿನ್ ಅದನ್ನೇ ಚೀನೀಯಲ್ಲಿ ಹೇಳಿದಳು. ನೋಡಲು ಬಂದವರೆಲ್ಲ ಬಂದ ಹಾಗೆಯೇ ಜಾರಿಕೊಂಡರು. ಲಿನ್‌ಳ ಮುಖ ಸಪ್ಪೆಯಾಯಿತು.

ಅಷ್ಟರಲ್ಲಿ ಮುಸ್ಸಂಜೆ. ಅಕ್ಕ ಪ್ರಸಾರ ನಡೆಯುತ್ತಲೇ ಇದ್ದ ಫೋನನ್ನೂ ನನ್ನ ಪಾಠವನ್ನೂ ಮರೆತು ಎದ್ದು, ದಿನದ ರೂಢಿಯಂತೆ ಕೆಂಡಕ್ಕೆ ಲೋಬಾನ ಹಾಕಿದರು. ತಿರುಗಿದರೆ ಕಂಡದ್ದು ಲಿನ್‌ಳ ಕೂದಲು. ಪ್ರಸಾರಕ್ಕೆಂದು ತಲೆಗೆ ಮಿಂದು, ಒದ್ದೆ ಕೂದಲಲ್ಲಿ ಹಾಗೆಯೇ ಬಂದಿದ್ದಳು.

“ಎಂಥ ಮಾರಾಯ್ತಿ, ಚಂಡಿ ತಲೆಯಲ್ಲಿ ಕೂತಿದ್ದೀಯಲ್ಲ? ಥಂಡಿಯಾದರೆ ನಿನ್ನ ಅಮ್ಮನಿಗೆ ಎಂತ ಹೇಳುವುದು ನಾನು?”

ಹೇಳಿದ್ದು ಅಚ್ಚ ಕನ್ನಡದಲ್ಲಿ. ಕೆಂಡದ ಮೇಲೆ ಬೆತ್ತದ ಬುಟ್ಟಿ ಕವುಚಿ, ಅದರ ಮೇಲೆ ಅವಳ ಕೂದಲು ಹರಡಿ, ಬೆರಳಾಡಿಸುತ್ತಾ ಬೈಯತೊಡಗಿದರು. ನಮ್ಮ ಕಡೆ ತಲೆಗೆ ಮಿಂದ ಮಕ್ಕಳಿಗೆ ಮಾಡುವ ಉಪಚಾರ ಅದು. ಬೈಗುಳವೂ ಅದರಲ್ಲೇ ಸೇರಿದೆ. ಲಿನ್ ಕಣ್ಣುಮುಚ್ಚಿ ಕೂತುಬಿಟ್ಟಳು. ಮಾರುವ ಮಾತು ನಿಂತೇಹೋಯಿತು.

ಆಗ ಪರದೆಯ ಮೇಲೆ ಚೀನೀ ಅಕ್ಷರಗಳು ಸುರಿಯತೊಡಗಿದವು. ಏನೋ ಕೆಟ್ಟಿತು ಎಂದು ಗಾಬರಿಯಾಗಿ ಅವಳನ್ನು ಎಬ್ಬಿಸಿದೆ. ಓದಿ, ಕಣ್ಣೊರೆಸಿಕೊಂಡು, ತನ್ನ ಮುರುಕು ಹಿಂದಿಯಲ್ಲಿ ಹೇಳಿದಳು: ಈ ಆಂಟಿ ನಮಗೂ ಹೀಗೆ ಬೈಯುತ್ತಾರಾ ಎಂದು ನೋಡುವವರು ಕೇಳುತ್ತಿದ್ದಾರಂತೆ.

ಹಿಂದೆಯೇ ಆರ್ಡರುಗಳೂ ಸುರಿದು, ಅಂಗಡಿಯಲ್ಲಿದ್ದ ಲೋಬಾನವೆಲ್ಲ ಆ ವಾರವೇ ಹಡಗು ಹತ್ತಿತು. ಕಫೀಲ್ ನಗುತ್ತಲೇ ಲೈಸೆನ್ಸ್‌ಗೆ ಸಹಿ ಹಾಕಿದ.

ಇವತ್ತು ಕ್ಷೌರ ಮುಗಿಸಿ ನೇರ ಅಕ್ಕನ ಅಂಗಡಿಗೇ ಹೋದೆ. ಅಕ್ಕ ವೀಡಿಯೋ ಕಾಲ್‌ನಲ್ಲಿದ್ದರು. ಪರದೆಯಲ್ಲಿ ತನ್ನೂರಿಗೆ ಮರಳಿ ಸಂಸಾರ ಹೂಡಿರುವ ಲಿನ್, ಮಡಿಲಲ್ಲಿ ಮಗು. ಅದಕ್ಕೆ ಸಣ್ಣ ಕೆಮ್ಮು. ಅಕ್ಕ ತಮ್ಮ ಎದೆ ಮುಟ್ಟಿ ತೋರಿಸಿ, ಕೈ ತಿರುಗಿಸಿ, ಬೆಚ್ಚಗಿಡು, ಡಾಕ್ಟರಿಗೆ ತೋರಿಸು ಎಂದು ಕನ್ನಡದಲ್ಲೇ ಗದರುತ್ತಿದ್ದರು. ನಾನು ಹಿಂದಿಗೆ ಅನುವಾದಿಸಲು ಬಾಯಿ ತೆರೆದೆ.

“ನೀನು ಸುಮ್ಮನೆ ಕೂರು. ಅವಳಿಗೆ ಗೊತ್ತಾಗ್ತದೆ” ಎಂದರು.

ಕೂತೆ. ಹೀಗೆ ಗದರಿ ಕೂರಿಸುವವರು ಪರದೇಶದಲ್ಲಿ ಎಷ್ಟು ಜನಕ್ಕೆ ಸಿಗುತ್ತಾರೆ ಹೇಳಿ.